ಎಡಗೈ ಗಂಟು

16 ಏಪ್ರಿಲ್ 1944, ಭಾನುವಾರ

ಬೆಳಿಗ್ಗೆ ಸೈಕಲ್ ಹತ್ತಿದೆ. ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರ. ಭಾನುವಾರ ಸೇತುವೆ ಕಟ್ಟುವ ಸ್ಯಾಪರ್ಸ್ ಪಡೆಯ ಆಫೀಸಿಗೆ ರಜೆ, ಬೈಲಪ್ಪ ಮಾವನ ದ್ರಾಕ್ಷಿ ತೋಟಕ್ಕೆ ಹಾಜರಿ. ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಚೀಲದಲ್ಲಿ ಒಂದು ಪುಸ್ತಕ. ಎಂದಿನಂತೆ.

ಎಂದಿನಂತೆ ಅಲ್ಲದ್ದು ಒಂದೇ. ಕೆರೆ ಏರಿಯ ದುರಸ್ತಿಗೆ ಇಟಲಿಯ ಯುದ್ಧಕೈದಿಗಳನ್ನು ಕರೆತಂದಿದ್ದಾರೆ. ಜೊತೆಗೆ ಬಂದ ಗಾರ್ಡ್ ಹುಣಸೆಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದ. ನಾನು, ಮಾವ ಚಪ್ಪರಕ್ಕೆ ಬಳ್ಳಿ ಕಟ್ಟುತ್ತಿದ್ದೆವು. ಕೈದಿಗಳಲ್ಲೊಬ್ಬ ಬೇಲಿ ದಾಟಿ ಬಂದ. ಸೊಂಟದ ಮೇಲೆ ಕೈಯಿಟ್ಟು ನೋಡಿದ. ಲೊಚಗುಟ್ಟಿದ. ಮಾವನ ಕೈಯಿಂದ ಬಾಳೆನಾರು ಕಿತ್ತುಕೊಂಡು ತಾನೇ ಒಂದು ಗಂಟು ಹಾಕಿ ತೋರಿಸಿದ. ಬಳ್ಳಿಯನ್ನು ಹಿಡಿದೆಳೆದರೂ ಜಾರುವುದಿಲ್ಲ, ನಾರಿನ ತುದಿ ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಒಳ್ಳೆಯ ಗಂಟು. ಆದರೆ ಹಾಕಿದ್ದು ಎಡಗೈಯಲ್ಲಿ.

ಮಾವ ಹೌಹಾರಿದರು. ‘ಏಯ್! ಎಡಗೈಲಿ ಬಳ್ಳಿ ಮುಟ್ತಾವ್ನಲ್ಲೋ ಇವ್ನು! ಇನ್ನ ಫಸಲು ಬಂದಂಗೇಯ!’

ಬಿಚ್ಚಿ, ಬಲಗೈಯಲ್ಲಿ ಮತ್ತೆ ಕಟ್ಟಿದರು. ನಮ್ಮ ಮಾಮೂಲು ಗಂಟು.

ಮುದುಕರು ಏನೆಂದರು ಎಂದು ಅವನು ಹರಕು ಇಂಗ್ಲಿಷಿನಲ್ಲಿ ಕೇಳಿದ. ಏನನ್ನೂ ಬಿಡದೆ ಹೇಳಿದೆ. ನಕ್ಕು, ಎಡಗೈಯನ್ನು ಜೇಬಿನೊಳಗೆ ಇಟ್ಟುಕೊಂಡ. ಹೆಸರು ಎರ್ನೆಸ್ತೊ. ಊರು ಇಟಲಿಯ ಉತ್ತರಕ್ಕೆ, ಒಂದು ದೊಡ್ಡ ಸರೋವರದ ದಂಡೆ. ಮನೆತನದ ಕಸುಬು ದ್ರಾಕ್ಷಿ.

23 ಏಪ್ರಿಲ್, ಭಾನುವಾರ

ಈ ವಾರದ ಪುಸ್ತಕ ಯಾವುದೋ ಯೂರೋಪಿನ ಕಾದಂಬರಿಯ ಅನುವಾದ. ಅದರಲ್ಲೂ ಒಂದು ಸರೋವರ, ದಂಡೆಯಲ್ಲಿ ಮರಳು, ತೋಪುಗಳು. ಅನುವಾದಕರು ಸಂಭಾವಿತರು—ವೈನ್ ಎಂದಿರಬೇಕಾದಲ್ಲೆಲ್ಲ ‘ಪಾನಕ’ ಎಂದಿದ್ದಾರೆ. ನಾಯಕ ದುಃಖ ಬಂದಾಗಲೆಲ್ಲ ಪಾನಕ ಕುಡಿಯುತ್ತಾನೆ. ಕುಡಿದು ತೂರಾಡುತ್ತಾನೆ. ಪಾನಕಕ್ಕೆ ಯಾರು ತೂರಾಡುತ್ತಾರೆ? ಓದಿ ಮುಗಿಸಿದೆ, ಸಿಟ್ಟಿನಿಂದಲೇ.

ಎರ್ನೆಸ್ತೊ ಇವತ್ತೂ ಬೇಲಿ ದಾಟಿದ. ನಮ್ಮ ಕೆರೆಯ ಕಡೆ ಗಲ್ಲ ತೋರಿಸಿ, ‘ಇದನ್ನು ಸರೋವರ ಅನ್ನುತ್ತೀರಾ? ನಮ್ಮದರಲ್ಲಿ ಅಲೆ ಏಳುತ್ತದೆ. ಹಡಗು ಓಡುತ್ತದೆ. ದಂಡೆಯಲ್ಲಿ ನಿಂಬೆ, ಪೀಚ್, ಚೆರ್ರಿ. ಮನೆಗೊಂದು ವೈನ್ ನೆಲಮಾಳಿಗೆ’ ಎಂದ.

ಮಾವನಿಗೆ ಹೇಳಿದೆ. ಮಾವ ತಲೆ ಎತ್ತಲೂ ಇಲ್ಲ.

‘ಅಲೆ ಕಟ್ಕೊಂಡ್ ಏನ್ ಮಾಡ್ತಾನಂತೆ? ವರ್ಸಕ್ಕೆ ಎಷ್ಟು ಫಸಲು ತೆಗೀತಾರೆ, ಕೇಳು.’

ಒಂದು.

‘ನಮ್ದು ಎರಡು ಅಂತ ಹೇಳು. ಈಗ ಕಟ್ತಾ ಇರೋದು ಆಗಸ್ಟಿಗೆ. ಇನ್ನೊಂದು ಶಿವರಾತ್ರಿಗೆ.’

ಹೇಳಿದೆ. ಎರ್ನೆಸ್ತೊ ಗಹಗಹಿಸಿದ. ‘ಬೂಜಾರ್ದೊ!’ ಸುಳ್ಳುಗಾರ ಎಂದಂತೆ. ದ್ರಾಕ್ಷಿ ಎಲ್ಲಾದರೂ ವರ್ಷಕ್ಕೆ ಎರಡು ಸಲ ಬಿಡುತ್ತದೆಯೆ?

ಮಾವ ಗಂಭೀರವಾಗಿ, ‘ಆಗಸ್ಟ್‌ಗಂಟ ಇಲ್ಲೇ ಇಟ್ಟಿರು ಅನ್ನು ಇವನ್ನ. ನೋಡ್ಲಿ’ ಎಂದರು. ಕೈದಿಯನ್ನು ಇಟ್ಟಿರುವುದು ನನ್ನ ಕೈಯಲ್ಲಿದೆಯೋ ಎಂಬಂತೆ.

14 ಮೇ, ಭಾನುವಾರ

ಎರ್ನೆಸ್ತೊ ಇಂದು ಗಂಟುಗಳತ್ತ ನೋಡಲೂ ಇಲ್ಲ. ಕೇಳಿದ ಮೇಲೆ ಹೇಳಿದ. ಊರಲ್ಲಿ ತಾಯಿ ಒಬ್ಬಳೇ. ಹೋದ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಮೇಲೆ ಆ ಕಡೆಯೆಲ್ಲ ಜರ್ಮನ್ನರ ಕೈಯಲ್ಲಿದೆ. ಅಂದಿನಿಂದ ಒಂದು ಕಾಗದವೂ ಬಂದಿಲ್ಲ. ಅವನು ಬರೆದದ್ದೂ ಮುಟ್ಟುತ್ತಿಲ್ಲ. ‘ನಾನು ಸತ್ತೆ ಅಂದುಕೊಂಡಿರುತ್ತಾಳೆ. ಅವಳಿಗೆ ಕೆಟ್ಟದ್ದೇ ಮೊದಲು ಹೊಳೆಯುವುದು.’

ಮಾವನಿಗೆ ಇದನ್ನು ಹೇಳಿದೆ. ಅವರು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟರು. ಬಲಗೈಗೆ ಇಟ್ಟರು.

24 ಮೇ

ಡ್ರಾಫ್ಟಿನಲ್ಲಿ, ಹೊರದೇಶಕ್ಕೆ ಹೊರಡುವವರ ಪಟ್ಟಿಯಲ್ಲಿ, ನನ್ನ ಹೆಸರಿದೆ. ಹವಾಲ್ದಾರ್ ಕ್ಲಾರ್ಕ್ ಆದಿನಾರಾಯಣ. ಕಂಪನಿ ಸಮುದ್ರ ದಾಟುತ್ತದೆ. ಎಲ್ಲಿಗೆ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ನಮ್ಮ ಕಂಪನಿಯ ಲಾರಿ ಡ್ರೈವರ್, ಬ್ಲಾಕ್‌ಪಳ್ಳಿಯ ಶೌಕತ್ ಆಗಲೇ ‘ಬೊನ್ ಜೋರ್ನೊ’ ಎಂಬ ಇಟಲಿಯ ನಮಸ್ಕಾರ ಕಲಿತಿದ್ದಾನೆ.

ಅವ್ವ ಸೋಮೇಶ್ವರನ ಗುಡಿಗೆ ಎಳೆದುಕೊಂಡು ಹೋದಳು. ‘ಅಲ್ಲಿ ನೀರಿನ ಬದ್ಲು ಹೆಂಡಾನೇ ಕುಡೀತಾರಂತೆ. ನೀನು ಮುಟ್ಟಲ್ಲ ಅಂತ ಇಲ್ಲಿ ಹೇಳು. ಬಾಯ್ಬಿಟ್ಟು ಹೇಳು, ದೇವ್ರಿಗೂ ಕೇಳ್ಲಿ.’ ಹೇಳಿದೆ. ಅರ್ಚಕರು ನಕ್ಕರು. ಅವ್ವ ನಗಲಿಲ್ಲ.

28 ಮೇ, ಭಾನುವಾರ

ಇಟಲಿಗೆ ಹೊರಟಿದ್ದೇನೆಂದು ಎರ್ನೆಸ್ತೋನಿಗೆ ತಿಳಿಸಿದೆ. ತನ್ನ ಊರಿನ ಹೆಸರು, ದಾರಿ, ಮನೆಯ ಗುರುತು ಎಲ್ಲ ಹೇಳಿದ. ಆಮೇಲೆ ಒಂದು ಕಾಗದ ಬರೆದುಕೊಡಲೇ ಎಂದ.

ಆಗದು ಎಂದೆ. ಕೈದಿಯ ಕಾಗದ ಸೆನ್ಸಾರ್ ದಾಟದೆ ಹೋಗಕೂಡದು. ನಿಯಮ. ಅವನ ಮುಖ ಇಳಿಯಿತು. ‘ಬಾಯಿಮಾತು ಒಯ್ಯುತ್ತೇನೆ. ಒಂದು ಅಕ್ಷರ ಕೂಡ ಬಿಡುವುದಿಲ್ಲ’ ಎಂದೆ.

ಅವನು ಹೇಳಿದ್ದು ಇಷ್ಟೇ—‘ಬಾವಿ ಪಕ್ಕದ ಬಳ್ಳಿ ಕಡಿಯಬೇಡ.’ ಹಳೆಯ ಬಳ್ಳಿಯಂತೆ. ಫಲ ಕಮ್ಮಿ. ಕಡಿದುಹಾಕು ಎಂದು ತಾಯಿ, ಬೇಡ ಎಂದು ಮಗ. ಅವನು ಸೈನ್ಯಕ್ಕೆ ಹೊರಟ ದಿನವೂ ಅದೇ ಜಗಳ. ಬೇರೆ ಯಾರಿಗೂ ಗೊತ್ತಿರುವ ಮಾತಲ್ಲ.

ಗಂಟನ್ನೂ ಕಲಿಸಿದ. ‘ನೀನು ಬಲಗೈಯಲ್ಲಿ ಹಾಕು, ಸುಲಭ’ ಎಂದ. ನಾನು ಒಪ್ಪಲಿಲ್ಲ. ಎಡಗೈಯಲ್ಲೇ ಕಲಿತೆ. ಅನುವಾದಗಳನ್ನು ಓದಿ ಓದಿ ಸಾಕಾಗಿದೆ, ಇದೊಂದಾದರೂ ಮೂಲದಲ್ಲಿರಲಿ.

ಮಾವ ಆ ಕಡೆ ಮುಖ ತಿರುಗಿಸಿ ಕೂತಿದ್ದರು. ನೋಡುತ್ತಿರಲಿಲ್ಲ ಎಂದು ಹೇಳಲಾರೆ.

3 ಡಿಸೆಂಬರ್ 1944. ಇಟಲಿ

ಮುಂಚೂಣಿಯಲ್ಲಿ ಡೈರಿ ಇಡಕೂಡದು. ಇಟ್ಟಿರಲಿಲ್ಲ. ಈಗ ಹಿಂದಕ್ಕೆ ಬಂದಿದ್ದೇವೆ, ವಿಶ್ರಾಂತಿ. ಊರಿನ ಹೆಸರು ಬರೆಯುವುದಿಲ್ಲ, ಅದೂ ನಿಯಮ.

ಕೆಸರು. ಕಾದಂಬರಿಗಳಲ್ಲಿ ಇಟಲಿಯ ಆಕಾಶ ಸದಾ ನೀಲಿ. ಒಬ್ಬ ಅನುವಾದಕರೂ ಈ ಕೆಸರನ್ನು ದಾಟಿಸಿಲ್ಲ.

ಒಂದನ್ನು ಮಾತ್ರ ಬರೆಯಲೇಬೇಕು. ಹೋದ ವಾರ ನದಿಗೆ ಸೇತುವೆ ಹಾಕಿದೆವು. ಆಳು ಸಾಲದೆ ಕ್ಲಾರ್ಕುಗಳನ್ನೂ ಕರೆದರು. ಪೆನ್ನು ಹಿಡಿಯುವ ಕೈಯಲ್ಲಿ ಹಲಗೆ ಹೊತ್ತೆ. ಬೆಳಗಾಗುವುದರೊಳಗೆ ಟ್ಯಾಂಕುಗಳು ದಾಟಿದವು. ಹಲಸೂರು ಕೆರೆಯ ನಿಂತ ನೀರಿನಲ್ಲಿ ಕಲಿತ ವಿದ್ಯೆ ಇಲ್ಲಿ ಓಡುವ ನೀರಿನ ಮೇಲೆ ನಿಂತಿತು. ಅಲುಗಲಿಲ್ಲ. ಟ್ಯಾಂಕುಗಳ ಹಿಂದೆ ಮೊದಲ ಲಾರಿ ಶೌಕತನದು. ಗಾಜಿಳಿಸಿ ಕೂಗಿದ, ‘ಕ್ಯಾ ಮಿಯಾ, ಟೋಲ್ ಎಷ್ಟು?’

ಎದೆ ಉಬ್ಬಿತು. ಉಬ್ಬಿತು ಎಂದೇ ಬರೆಯುತ್ತೇನೆ.

3 ಮೇ 1945

ಮುಗಿಯಿತು. ಇಟಲಿಯಲ್ಲಿ ಜರ್ಮನ್ನರು ಶರಣಾದರು. ಚರ್ಚುಗಳ ಗಂಟೆ ನಿಲ್ಲುತ್ತಲೇ ಇಲ್ಲ. ಯಾರೋ ಮುದುಕ ಲಾರಿಗೆ ಹೂ ಎಸೆದ. ಅದು ಶೌಕತನ ಮೂಗಿಗೆ ಬಿತ್ತು, ಸಂಜೆಯವರೆಗೆ ಸೀನು.

ನಕ್ಷೆ ತೆಗೆದು ನೋಡಿದೆ. ಎರ್ನೆಸ್ತೋನ ಗಾರ್ದಾ ಸರೋವರ ಇಲ್ಲಿಂದ ದೂರವಿಲ್ಲ. ಒಂದೇ ಹಗಲಿನ ದಾರಿ.

20 ಮೇ

ಲೀವ್ ಕೇಳಿದೆ. ಇಲ್ಲ ಎಂದರು. ಮತ್ತೆ ಕೇಳಿದೆ. ನಾನು ಎರಡು ಸಲ ಏನನ್ನಾದರೂ ಕೇಳಿದ್ದು ಇದೇ ಮೊದಲು ಎಂದು ಕ್ಯಾಪ್ಟನ್ ಸಾಹೇಬರಿಗೂ ಹೊಳೆಯಿತು. ಕಾರಣವೇನು ಎಂದರು. ‘ಒಬ್ಬ ತಾಯಿಗೆ ಒಂದು ಮಾತು ಹೇಳಬೇಕು, ಸಾರ್’ ಎಂದೆ. ನನ್ನನ್ನೇ ನೋಡಿದರು. ‘ನೋಡೋಣ.’

9 ಜೂನ್, ಶನಿವಾರ

ಲೀವ್ ಸಿಕ್ಕಿತು. ಸರೋವರದ ಬಳಿಯ ವಿಶ್ರಾಂತಿ ಕ್ಯಾಂಪಿಗೆ ರೇಷನ್ ಒಯ್ಯುವ ಡ್ಯೂಟಿ ಶೌಕತನದು. ಅವನ ಲಾರಿಯಲ್ಲೇ ಹೊರಟೆ. ಸಂಜೆ ಕ್ಯಾಂಪ್ ಮುಟ್ಟಿದೆವು. ಬಟ್ಟೆಗೆ ಇಸ್ತ್ರಿ ಮಾಡಿದೆ. ಬೂಟಿಗೆ ಪಾಲಿಶ್.

‘ಹೆಣ್ ನೋಡಕ್ ಹೋಗ್ತಾ ಇದೀಯಾ?’ ಎಂದ ಶೌಕತ್.

‘ಹಿರಿಯರನ್ನ ನೋಡಕ್ಕೆ.’

‘ಒಂದೇ ಆಯ್ತು. ಮೊದ್ಲು ಅಮ್ಮೀಗಳೇ ನೋಡೋದು.’

10 ಜೂನ್, ಭಾನುವಾರ. ಬೆಳಿಗ್ಗೆ

ಎರ್ನೆಸ್ತೊ ಸುಳ್ಳು ಹೇಳಿರಲಿಲ್ಲ. ಅಲೆ ಏಳುತ್ತದೆ. ಆಚೆ ದಡದಲ್ಲಿ ಬೆಟ್ಟ, ನೀಲಿ. ಕೃಷ್ಣರಾಜಪುರದ ಕಡೆಯವನಾಗಿ ಒಪ್ಪಿಕೊಳ್ಳಲು ಕಷ್ಟ, ಆದರೂ ಬರೆಯುತ್ತೇನೆ—ದೊಡ್ಡ ನೀರು.

ದಂಡೆಯಲ್ಲಿ ಮರಳಿಲ್ಲ. ಉರುಟು ಬೆಣಚುಕಲ್ಲು. ನನ್ನ ಅನುವಾದಕರು ಇಲ್ಲಿಗೆ ಬಂದವರಲ್ಲ. ಸ್ನಾನಕ್ಕಿಳಿದ ಹೆಂಗಸರಿದ್ದರು. ಶೌಕತ್ ತಕ್ಷಣ ಬೇರೆ ಕಡೆ ತಿರುಗಿದ. ನಾನೂ ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ.

ಊರು ಸಣ್ಣದು. ಮೇಲಕ್ಕೆ ಏರುವ ಕಲ್ಲುದಾರಿ. ನಿಂಬೆಗಿಡಗಳಿಗೆ ಚಳಿ ತಾಕದಂತೆ ಕಂಬ ನಿಲ್ಲಿಸಿ ಮನೆಯನ್ನೇ ಕಟ್ಟಿದ್ದಾರೆ. ಪೀಚ್ ತೋಪು. ಚೆರ್ರಿ ಹಣ್ಣಿನ ಬುಟ್ಟಿಗಳು. ಬಾಗಿಲು ಬಾಗಿಲಲ್ಲೂ ನೆಲಮಾಳಿಗೆಯಿಂದ ಹುಳಿಮಿಶ್ರಿತ ತಂಪು ವಾಸನೆ, ಒಳಗೆ ಪೀಪಾಯಿಗಳ ಸಾಲು. ಅವ್ವನ ಭಯ ನಿಜ. ಇಲ್ಲಿ ಗಾಳಿಯೂ ಅರ್ಧ ಕುಡಿದಿದೆ.

ಜನ ನಿಂತು ನೋಡಿದರು. ನೋಡಲಿ. ತೋಳಿನ ಮೇಲಿನ ಮೂರು ಪಟ್ಟಿ ಕಾಣುವಂತೆ ನಡೆದೆ.

ಅದೇ ದಿನ, ಸಂಜೆ

ಕ್ರಮವಾಗಿ ಬರೆಯಬೇಕು.

ಮನೆ ಸಿಕ್ಕಿತು. ಹಸಿರು ಬಾಗಿಲು, ಮುಂದೆ ಚಪ್ಪರ, ಪಕ್ಕದಲ್ಲಿ ಬಾವಿ. ಮುದುಕಿಯೊಬ್ಬಳು ಹೊಸಿಲ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಎರ್ನೆಸ್ತೋನ ಮೂಗು, ಅವನದೇ ಗಲ್ಲ. ಅಸ್ಸುಂತಾ, ಅವನ ತಾಯಿ.

ಊರಿನಲ್ಲಿ ಹಿರಿಯರ ಮನೆಗೆ ಹೋದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಬೂಟು ಕಳಚಿದೆ. ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ಒಂದು ಮಾತೂ ಆಡದೆ ಬಗ್ಗಿ ಅವಳ ಪಾದ ಮುಟ್ಟಿದೆ. ಮೊದಲು ನಮಸ್ಕಾರ, ಆಮೇಲೆ ಮಾತು. ಹಾಗೆ ಬೆಳೆದವನು.

ಬೋಗುಣಿ ಬಿತ್ತು. ಬಟಾಣಿ ಚೆಲ್ಲಾಪಿಲ್ಲಿ. ಅವಳ ಬಾಯಿಂದ ಬಂದ ಕೂಗನ್ನು ಬರೆಯಲಾರೆ. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಹೆಂಗಸರು ಓಡಿ ಬಂದು ಅವಳನ್ನು ತಬ್ಬಿ, ಶಿಲುಬೆಯ ಗುರುತು ಹಾಕಿಕೊಂಡು ಅಳತೊಡಗಿದರು. ನಾನು ಬಗ್ಗಿದವನು ಬಗ್ಗಿಯೇ ಇದ್ದೆ. ಏನಾಯಿತೆಂದು ತಿಳಿಯಲಿಲ್ಲ.

ಶೌಕತ್ ರಟ್ಟೆ ಹಿಡಿದು ಎತ್ತಿದ. ‘ಏನ್ ಮಾಡ್ಬಿಟ್ಟೆ ಮಿಯಾ! ಸೋಲ್ಜರ್ ಬಂದು, ಟೋಪಿ ತೆಗ್ದು, ಬಾಯ್ ಮುಚ್ಕೊಂಡು ತಲೆ ಬಗ್ಸಿದ್ರೆ ಇವ್ರಿಗೆ ಒಂದೇ ಅರ್ಥ! ಮಗ ಹೋದ ಅನ್ಕೊಂಡ್ರು! ಹೇಳು, ಬೇಗ ಹೇಳು!’

‘ವೀವೊ!’ ಎಂದೆ. ಬದುಕಿದ್ದಾನೆ. ಶೌಕತ್ ಇನ್ನೂ ಜೋರಾಗಿ, ‘ವೀವೊ! ವೀವೊ! ಎರ್ನೆಸ್ತೊ ಫಸ್ಟ್ ಕ್ಲಾಸ್!’

ಅಳು ನಿಂತಿತು. ಆದರೆ ಅಸ್ಸುಂತಾಳ ಮುಖ ಅರಳಲಿಲ್ಲ. ಗಟ್ಟಿಯಾಯಿತು. ಎದ್ದು ಒಳಗೆ ಹೋದಳು. ಎರಡು ಲೋಟ, ಒಂದು ಸೀಸೆ ತಂದು ಮುಂದೆ ಕುಕ್ಕಿದಳು. ಹತ್ತು ತಿಂಗಳಲ್ಲಿ ನನಗೆ ಬಂದಿರುವ ಅವರ ಭಾಷೆ ಅಷ್ಟಕ್ಕಷ್ಟೆ. ಇದು ಮಾತ್ರ ಪೂರ್ತಿ ತಿಳಿಯಿತು.

‘ಚಳಿಗಾಲದಲ್ಲಿ ಒಬ್ಬ ಬಂದ. ನಿನ್ನ ಮಗನನ್ನು ಹಡಗಿನಲ್ಲಿ ಕಂಡೆ ಎಂದ. ಹೊಟ್ಟೆ ತುಂಬ ಕುಡಿದು ಹೋದ. ಆಮೇಲೆ ಇನ್ನೊಬ್ಬ. ರಷ್ಯಾದಲ್ಲಿ ಕಂಡನಂತೆ! ಅವನೂ ಕುಡಿದ. ನೀವೂ ಕುಡಿಯಿರಿ. ಕುಡಿದು ಹೋಗಿ.’

ನಾನು ಲೋಟ ಮುಟ್ಟಲಿಲ್ಲ. ಶೌಕತ್ ಎರಡೂ ಕಿವಿ ಹಿಡಿದುಕೊಂಡು, ‘ನಕ್ಕೊ ಅಮ್ಮೀ, ಖುದಾ ಕಸಮ್, ನಕ್ಕೊ!’ ಎಂದ. ನಾನು, ‘ನನ್ನ ತಾಯಿಗೆ ಮಾತು ಕೊಟ್ಟಿದ್ದೇನೆ’ ಎಂದೆ.

ಹೆಂಗಸರು ಮುಖ ಮುಖ ನೋಡಿಕೊಂಡರು. ಕುಡಿಯದ ಇಬ್ಬರು ಸಿಪಾಯಿಗಳನ್ನು ಆ ಊರು ಕಂಡಿರಲಿಲ್ಲ.

‘ಹಾಗಾದರೆ ಏತಕ್ಕೆ ಬಂದಿರಿ?’ ಎಂದಳು ಅಸ್ಸುಂತಾ. ಈಗ ದನಿ ತಗ್ಗಿತ್ತು.

ಹೇಳಿದೆ. ಅವನು ಕಲಿಸಿದಂತೆಯೇ, ಅವರ ಮಾತಿನಲ್ಲೇ. ‘ಬಾವಿ ಪಕ್ಕದ ಬಳ್ಳಿ ಕಡಿಯಬೇಡ.’

ಅವಳು ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಬಳ್ಳಿ ಕಟ್ಟಲು ಬಳಸುವ, ಬೆತ್ತದಂತೆ ಬಳುಕುವ ಸಪೂರ ಕಡ್ಡಿಗಳ ಕಂತೆ ಗೋಡೆಗೆ ನೇತುಹಾಕಿತ್ತು. ಒಂದನ್ನು ಎಳೆದುಕೊಂಡೆ. ಚಪ್ಪರದಿಂದ ಜೋತುಬಿದ್ದ ಚಿಗುರನ್ನು ಎತ್ತಿ ಗಂಟು ಹಾಕಿದೆ. ಎಡಗೈಯಲ್ಲಿ. ಮೊದಲನೆಯದು ಜಾರಿತು. ಎರಡನೆಯದು ನಿಂತಿತು.

ಹತ್ತಿರ ಬಂದಳು. ಗಂಟಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ತುದಿ ಎಳೆದಳು, ಬಿಚ್ಚಿತು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದಳು. ಹಾಕಿದೆ. ಥಟ್ಟನೆ ನನ್ನ ಎಡಗೈ ಮೇಲೆ ಒಂದು ಏಟು! ನೋಯುವ ಏಟಲ್ಲ. ಎಡಚ ಮಗನಿಗೆ ಕೊಟ್ಟು ಕೊಟ್ಟು ಸವೆದ ಏಟು. ಆಮೇಲೆ ಅದೇ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಈ ಅಳು ಬೇರೆ.

ಶೌಕತ್ ನೆಲದ ಮೇಲಿನ ಬಟಾಣಿ ಆರಿಸುತ್ತ ಕೂತ. ತಲೆ ಎತ್ತಲೇ ಇಲ್ಲ.

ಬಾವಿಯ ಬಳಿಗೆ ಕರೆದೊಯ್ದಳು. ಬಳ್ಳಿ ಇರಲಿಲ್ಲ. ಮೊಂಡು ಬುಡ ಮಾತ್ರ. ಹೋದ ಚಳಿಗಾಲ ಸೌದೆ ಸಿಗದೆ ಕಡಿದು ಒಲೆಗೆ ಹಾಕಿದಳಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ತಪ್ಪು ಎನ್ನಲು ನಾನು ಯಾರು? ಬಗ್ಗಿ ನೋಡಿದೆ. ಬುಡದ ಒಂದು ಪಕ್ಕದಿಂದ, ಸರೋವರದ ಕಡೆಗೆ, ಮೊಳದುದ್ದ ಚಿಗುರು ಎದ್ದಿದೆ. ನೆಲದ ಮೇಲೆ ಹೊರಳಾಡುತ್ತಿತ್ತು. ಕಟ್ಟೋಣವೆಂದು ಕಡ್ಡಿ ಎತ್ತಿದೆ. ಅವಳು ಕೈ ಹಿಡಿದು ತಡೆದಳು.

‘ಇದನ್ನಲ್ಲ. ಇದು ಅವನದು.’

ನನ್ನ ಭುಜ ಹಿಡಿದು, ಮಕ್ಕಳಿಗೆ ಪಾಠ ಹೇಳುವ ಹಾಗೆ ಮೂರು ಮಾತು ಹೇಳಿದಳು. ‘ಕಡಿದೆ. ಚಿಗುರಿದೆ. ಬಂದು ನೀನೇ ಕಟ್ಟು.’ ನನ್ನಿಂದ ಹೇಳಿಸಿದಳು. ಉಚ್ಚಾರ ತಿದ್ದಿದಳು. ಮತ್ತೆ ಹೇಳಿಸಿದಳು.

ಹೊರಡುವಾಗ ಲೋಟವನ್ನು ಮತ್ತೆ ಮುಂದೆ ಹಿಡಿದಳು. ಈಗ ಬೇಡ ಎನ್ನುವುದು ಹೇಗೆ? ಎರಡು ಕೈಯಲ್ಲಿ ತೆಗೆದುಕೊಂಡು, ತೀರ್ಥದಂತೆ ಕಣ್ಣಿಗೊತ್ತಿಕೊಂಡು, ಅವಳ ಕೈಗೇ ಕೊಟ್ಟೆ. ಈ ಸಲ ಯಾರೂ ತಪ್ಪು ತಿಳಿಯಲಿಲ್ಲ. ನನ್ನ ಪಾಲನ್ನು ಅವಳೇ ಕುಡಿದಳು. ಶೌಕತನದನ್ನು ಪಕ್ಕದ ಮನೆಯಾಕೆ.

ಮಗ ಇರುವ ಊರು ಎಂಥದು ಎಂದು ಕೇಳಿದಳು. ‘ಕೆರೆ ಇದೆ. ದ್ರಾಕ್ಷಿ ಇದೆ. ವರ್ಷಕ್ಕೆ ಎರಡು ಫಸಲು’ ಎಂದೆ.

‘ಬೂಜಾರ್ದೊ!’

ತಾಯಿ ಮಗ ಇಬ್ಬರದೂ ಒಂದೇ ಮಾತು, ಒಂದೇ ನಗು. ಇಡೀ ಓಣಿ ನಕ್ಕಿತು. ನಾನು ಗಂಭೀರವಾಗಿಯೇ ನಿಂತೆ. ಶಿವರಾತ್ರಿಗೊಂದು, ಆಗಸ್ಟಿಗೊಂದು ಎಂದು ಬಿಡಿಸಿ ಹೇಳಿದೆ. ಕೃಷ್ಣರಾಜಪುರದ ಮಾನವನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ.

ಮಗನಿಗೆಂದು ಒಂದು ಸೀಸೆ ಕೊಟ್ಟಿದ್ದಾಳೆ. ಹೊದಿಕೆಯಲ್ಲಿ ಸುತ್ತಿಟ್ಟಿದ್ದೇನೆ. ಕ್ಯಾಂಪಿಗೆ ಬರುವ ದಾರಿಯಲ್ಲಿ ಶೌಕತ್ ಕೇಳಿದ, ‘ನಮ್ಮಮ್ಮೀಗೂ ಕಾಗದ ಬರೀಬೇಕು ಯಾರ್. ಬರ್ಕೊಡ್ತೀಯಾ?’

ಬರೆದುಕೊಟ್ಟೆ.

8 ಜುಲೈ. ಹಡಗು

ನಮ್ಮನ್ನು ಊರಿಗೆ ಕಳಿಸುತ್ತಿದ್ದಾರೆ, ಅಲ್ಲಿಂದ ಬರ್ಮಾ ಕಡೆಗೆ. ಸಮುದ್ರ ಒರಟು. ಸೀಸೆ ಕ್ಷೇಮ. ‘ಕಡಿದೆ. ಚಿಗುರಿದೆ. ಬಂದು ನೀನೇ ಕಟ್ಟು.’ ದಿನಾ ಬೆಳಿಗ್ಗೆ ಹೇಳಿಕೊಳ್ಳುತ್ತೇನೆ.

16 ಆಗಸ್ಟ್ 1945, ಗುರುವಾರ. ಹಲಸೂರು

ಮನೆ. ಜಪಾನೂ ಸೋತಿತು. ಬರ್ಮಾ ಇಲ್ಲ. ಕಂಟೋನ್ಮೆಂಟಿನಲ್ಲಿ ನಿನ್ನೆಯಿಂದ ಬ್ಯಾಂಡು, ಪಟಾಕಿ.

ಅವ್ವ ಟ್ರಂಕಿನಿಂದ ಬಟ್ಟೆ ತೆಗೆಯುತ್ತಿದ್ದವಳು ಸೀಸೆ ಕಂಡಳು. ಮೂಸಿದಳು. ಮುಖ ಕಪ್ಪಿಟ್ಟಿತು.

‘ಸೋಮೇಶ್ವರನ ಮುಂದೆ ಏನಂದಿದ್ಯೋ ನೀನು?’

‘ಮುಟ್ಟಿಲ್ಲ ಅವ್ವಾ. ಒಬ್ಬಮ್ಮ ಮಗನಿಗೆ ಕೊಟ್ಟಿರೋದು. ಆ ಕೈದಿ ಎರ್ನೆಸ್ತೋಗೆ.’

ಎಲ್ಲ ಹೇಳಿದೆ. ಕಾಲಿಗೆ ಬಿದ್ದದ್ದು, ಅವಳು ಕೂಗಿದ್ದು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ‘ಅಯ್ಯೋ, ಆ ತಾಯಿ ಜೀವ ಆ ಗಳಿಗೇಲಿ ಏನಾಗಿರ್ಬೇಡ! ಒಂದ್ ಮಾತು ಆಡಿ ಬಗ್ಗಕ್ಕೆ ಏನಾಗಿತ್ತು ನಿಂಗೆ?’ ಎಂದು ಬೈದಳು. ಬೈದು, ಸೀಸೆಯನ್ನು ಒರೆಸಿ, ಅಕ್ಕಿ ಹಂಡೆಯೊಳಗೆ ಕುತ್ತಿಗೆಯವರೆಗೆ ಹೂತಿಟ್ಟಳು. ಹೆಂಡ ಮುಟ್ಟಿದ ಕೈ ತೊಳೆಯಲೂ ಇಲ್ಲ.

ಆಮೇಲೆ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು. ‘ನಮ್ಮ ಆದಿ ಸಮುದ್ರ ದಾಟಿ ಹೋಗಿ ಮಾತು ಮುಟ್ಟಿಸ್ಬಂದವ್ನೆ ಕಣಮ್ಮ. ವೈನಿನ ಊರಲ್ಲಿ ನೀರು ಕುಡ್ದು ಬಂದವ್ನೆ.’

19 ಆಗಸ್ಟ್, ಭಾನುವಾರ. ಕೃಷ್ಣರಾಜಪುರ, ತೋಟ

ಅವ್ವನೂ ಜೊತೆಗೆ ಬಂದಿದ್ದಾಳೆ, ಜಟಕಾದಲ್ಲಿ, ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು. ಇನ್ನೊಬ್ಬರ ಕೈಗೆ ಕೊಡಲೊಲ್ಲಳು.

ಕೆರೆ ತುಂಬಿದೆ. ಅಲೆ ಇಲ್ಲ. ಇದ್ದಷ್ಟೇ ಇದ್ದು ಹೊಳೆಯುತ್ತಿದೆ. ನೋಡಿ ತೃಪ್ತಿಯಾಯಿತು.

ತೋಟದೊಳಗೆ ಕಾಲಿಟ್ಟವನು ಹಾಗೇ ನಿಂತೆ. ಚಪ್ಪರದ ತುಂಬ ಕಪ್ಪು ಗೊಂಚಲು. ನಾನು ಕಂಡ ಫಸಲುಗಳಲ್ಲೆಲ್ಲ ದೊಡ್ಡದು. ಆಮೇಲೆ ಗಂಟುಗಳು ಕಣ್ಣಿಗೆ ಬಿದ್ದವು. ಒಂದು, ಅದರ ಪಕ್ಕದ್ದು, ಮುಂದಿನ ಸಾಲು. ಎಲ್ಲವೂ ಎಡಗೈ ಗಂಟು. ಇಡೀ ತೋಟ.

‘ಮಾವ, ಇದು—’

‘ಏನ್ಲಾ ಇದು? ನಮ್ಮಜ್ಜನ ಕಾಲದ್ ಗಂಟು ಕಣ್ಲಾ. ಪುಸ್ತಕ ಓದೋನಿಗೆ ಏನ್ ಗೊತ್ತು?’

‘ನಿಮ್ಮಜ್ಜ ಎಡಚನಾ?’

‘ಹೋಗಯ್ಯ ಅತ್ಲಾಗೆ!’

ಮಾವನ ಎಡಗೈ ಹೆಬ್ಬೆರಳಲ್ಲಿ ನಾರು ತಿಕ್ಕಿದ ಹೊಸ ಜಡ್ಡು. ನೋಡಿದೆ.

ಎರ್ನೆಸ್ತೋನ ಕ್ಯಾಂಪು ಬದಲಾಗಿದೆ. ಆದರೆ ಭಾನುವಾರ ಪಾಸ್ ಕೊಡುತ್ತಾರಂತೆ, ತಪ್ಪದೆ ಇಲ್ಲಿಗೆ ಬರುತ್ತಾನಂತೆ. ಮಾವ ಅವನನ್ನು ‘ನೆಸ್ತಪ್ಪ’ ಎನ್ನುತ್ತಾರೆ. ಹೋದ ವರ್ಷದ ಆಗಸ್ಟೂ ನೋಡಿದ, ಈ ವರ್ಷದ ಶಿವರಾತ್ರಿಯೂ ನೋಡಿದ. ಎರಡು ಫಸಲು ಎಂದು ಒಪ್ಪಿ ಮಾವನ ಕೈ ಕುಲುಕಿದನಂತೆ. ಇದನ್ನು ಮಾವ ಎರಡು ಸಲ ಹೇಳಿದರು.

‘ಊರಿಂದ ಕಾಗದ ಬಂತಾ ಅವನಿಗೆ?’ ಎಂದೆ.

ಮಾವ ಗೊಂಚಲು ಕೊಯ್ಯುವುದನ್ನು ನಿಲ್ಲಿಸಿದರು. ‘ಕೇಳಾದೇ ಬಿಟ್ಟಿವ್ನಿ. ಮೊಕ ನೋಡಕ್ಕಾಗಕಿಲ್ಲ. ಮೊನ್ನೆ ಭಾನುವಾರ ಇಡೀ ದಿನ ಆ ಕಲ್ ಮ್ಯಾಲ್ ಕೂತಿದ್ದು ಎದ್ದೋದ. ನೀನು ಬಂದೆ ಅಂತ ಅವನಿಗೆ ಗೊತ್ತಿಲ್ಲ.’

ಅದೇ ಕಲ್ಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇಟಲಿಯ ಆಯಮ್ಮನಿಗೆ ಆಗಸ್ಟಿನ ಹಣ್ಣು ತೋರಿಸಲಾಗದು. ಮಾವ ಒಂದು ಬುಟ್ಟಿಯನ್ನು ಆಗಲೇ ಬಂಡೆಯ ಮೇಲೆ ಒಣಗಲು ಹರಡಿದ್ದಾರೆ. ನೆಸ್ತಪ್ಪ ಊರಿಗೆ ಹೋಗುವಾಗ ಒಣದ್ರಾಕ್ಷಿ. ಶಿವರಾತ್ರಿಯದು ಒಂದು ಪೊಟ್ಟಣ, ಇದು ಇನ್ನೊಂದು. ಬೇರೆ ಬೇರೆ ಕಟ್ಟಬೇಕಂತೆ. ಎರಡು ಫಸಲಿನ ಸಾಕ್ಷಿಗೆ.

ಏರಿಯ ಮೇಲೆ ಯಾರೋ ನಡೆದು ಬರುತ್ತಿದ್ದಾರೆ. ಖಾಕಿ ಚಡ್ಡಿ. ತಲೆ ತಗ್ಗಿದೆ. ಅವನೇ.

ಈ ಸಲ ಟೋಪಿ ತೆಗೆಯುವುದಿಲ್ಲ. ಬಗ್ಗುವುದಿಲ್ಲ. ದೂರದಿಂದಲೇ ಕೂಗಿಬಿಡುತ್ತೇನೆ. ಮೊದಲು ‘ವೀವಾ’. ಬದುಕಿದ್ದಾಳೆ. ಆಮೇಲೆ ಆ ಮೂರು ಮಾತು. ಕಡಿದೆ. ಚಿಗುರಿದೆ. ಅವ್ವ ಆಗಲೇ ಸೀಸೆ ಹಿಡಿದು ಎದ್ದು ನಿಂತಿದ್ದಾಳೆ, ಸೆರಗು ಸರಿಮಾಡಿಕೊಳ್ಳುತ್ತ. ಬೈಲಪ್ಪ ಮಾವ ಕೈ ಎತ್ತಿ ಕರೆಯುತ್ತಿದ್ದಾರೆ. ಎಡಗೈ.

ಅವನು ತಲೆ ಎತ್ತಿದ. ನನ್ನನ್ನು ಕಂಡ. ನಿಂತ. ಈಗ—